ಕ್ರೈಸ್ತ ಸ್ತ್ರೀಯೂ ಅವಳ ವೋಟೂ

ನಮ್ಮ ಶಾಲೆಯಲ್ಲಿ ಓದಿ, ವಿವಾಹವಾಗಿ, ಬೇರೆ ಬೇರೆ ಊರುಗಳಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯರು ರಜೆಯ ದಿನಗಳಲ್ಲಿ ತೌರಿಗೆ ಬಂದಾಗ ನಮ್ಮನ್ನು ನೋಡಿಹೋಗಲು ಬರುವುದುಂಟು. ಮಕ್ಕಳ ವಿದ್ಯಾಭ್ಯಾಸ, ಅತ್ತೆಯ ಮನೆಯ ಸುಖದುಃಖ, ಸಭೆಯ ಸಮಾಚಾರ, ಮಳೆಬೆಳೆ ಇವುಗಳನ್ನು ಕುರಿತು ಅವರು ಎಷ್ಟು ಹೊತ್ತಾದರೂ ಮಾತನಾಡುವರು. ಚುನಾವಣೆಯ ಪ್ರಸ್ತಾಪ ಬಂದರೆ ಮಾತ್ರ ಮಾತು ಒಂದೇ ವಾಕ್ಯದಲ್ಲಿ ಮುಗಿದುಹೋಗುವುದು. "ಅದನ್ನೆಲ್ಲಾ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ಮಿಸ್" ಎಂದು ಕೆಲವರು, "ಅಯ್ಯನವರು ಯಾರಿಗೆ ಹೇಳುತ್ತಾರೋ ಅವರಿಗೆ" ಎಂದು ಕೆಲವರು, "ಅದು ಲೋಕದ ವಿಷಯ, ವಿಶ್ವಾಸಿಗಳಿಗೆ ಅದೇಕೆ?" ಎಂದು ಮತ್ತೆ ಕೆಲವರು. ಬೀಜಗಣಿತದ ಲೆಕ್ಕವನ್ನು ಪಕ್ಕದವಳ ಪುಸ್ತಕದಿಂದ ನಕಲು ಮಾಡಲು ಒಪ್ಪದೆ, ತಾನೇ ಬಿಡಿಸಬೇಕೆಂದು ಹಟ ಹಿಡಿಯುತ್ತಿದ್ದ ಹುಡುಗಿಯರೇ ಹೀಗೆ ಉತ್ತರ ಕೊಡುವುದನ್ನು ಕೇಳಿದರೆ ನಮಗೆ ಆಶ್ಚರ್ಯವಾಗುತ್ತದೆ. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ಕ್ರೈಸ್ತ ವಿಶ್ವಾಸಕ್ಕೂ ವೋಟಿಗೂ ಇರುವ ಸಂಬಂಧವನ್ನು ಕುರಿತು ನಮ್ಮ ಅಭಿಪ್ರಾಯವನ್ನು ಬಿನ್ನವಿಸುತ್ತೇವೆ.

ಈ ಸಂಚಿಕೆಯು ತಲಪುವ ಮನೆಗಳಲ್ಲಿ ಹೆಚ್ಚಿನವು ಕ್ರೈಸ್ತರ ಮನೆಗಳಲ್ಲವೆಂಬುದನ್ನು ನಾವು ಬಲ್ಲೆವು. ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರು ಬಹು ಸ್ವಲ್ಪ ಜನ. ಕರ್ನಾಟಕವನ್ನೆಲ್ಲಾ ಲೆಕ್ಕಕ್ಕೆ ತೆಗೆದುಕೊಂಡರೂ 2011ರ ಜನಗಣತಿಯ ಪ್ರಕಾರ ನೂರಕ್ಕೆ ಇಬ್ಬರು ತುಂಬುವುದಿಲ್ಲ. ಕ್ರೈಸ್ತ ಸಹೋದರಿಯರನ್ನು ಉದ್ದೇಶಿಸಿ ನಾವು ಹೇಳುವ ಮಾತುಗಳನ್ನು ಇತರ ತಾಯಿತಂದೆಗಳು ಬೇರೆ ಮನೆಯ ಮಾತೆಂದು ಎಣಿಸದೆ ಓದಬೇಕೆಂದು ಕೋರುತ್ತೇವೆ. ಇದರಲ್ಲಿ ಅವರಿಂದ ಮುಚ್ಚಿಡತಕ್ಕದ್ದು ಏನೂ ಇಲ್ಲ. ಇನ್ನು, ಯಾವ ಪಕ್ಷಕ್ಕೆ ವೋಟು ಕೊಡಬೇಕೆಂಬುದನ್ನು ಈ ಲೇಖನದಲ್ಲಿ ಹುಡುಕುವವರಿಗೆ ನಿರಾಶೆಯಾಗುವುದು. ಮಕ್ಕಳನ್ನು ನಂಬಿ ಒಪ್ಪಿಸಿರುವ ಮನೆಗಳಿಗೆ ಪಕ್ಷದ ಹೆಸರನ್ನು ಕಳುಹಿಸುವ ಅಧಿಕಾರವು ಮುಖ್ಯೋಪಾಧ್ಯಾಯಿನಿಗೆ ಇರುವುದಿಲ್ಲ.

ಮೊದಲು "ಲೋಕದ ವಿಷಯ" ಎಂಬ ಉತ್ತರವನ್ನು ನೋಡೋಣ. ಹೀಗೆ ಹೇಳುವವರು ಸಾಧಾರಣವಾಗಿ ಕೈಸರನ ನಾಣ್ಯದ ಪ್ರಸಂಗವನ್ನು ಮುಂದಿಡುತ್ತಾರೆ. ತೆರಿಗೆಯನ್ನು ಕೈಸರನಿಗೆ ಕೊಟ್ಟುಬಿಟ್ಟರೆ ನಮ್ಮ ಋಣ ತೀರಿತು, ಉಳಿದ ಬಾಳೆಲ್ಲಾ ದೇವರದು ಎಂಬುದು ಅವರು ಮಾಡುವ ಅರ್ಥ. ಆದರೆ ಆ ನಾಣ್ಯವನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿದ ಜನರಿಗೆ ಕೈಸರನನ್ನು ನೇಮಿಸುವ ಅಧಿಕಾರವಾಗಲಿ ಇಳಿಸುವ ಅಧಿಕಾರವಾಗಲಿ ಇರಲಿಲ್ಲವಷ್ಟೆ. ನಮ್ಮ ಸ್ಥಿತಿ ಹಾಗಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಒಂದು ಕಾಲದಲ್ಲಿ ಪ್ರಜೆಗೆ ತೆರಿಗೆ ಕೊಡುವುದಷ್ಟೇ ಕೆಲಸವಾಗಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಪ್ರತಿನಿಧಿಗಳಿಗೆ ಕಷ್ಟವನ್ನು ಅರಿಕೆ ಮಾಡಿಕೊಳ್ಳುವ ಅವಕಾಶವಿತ್ತೇ ಹೊರತು ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ಸ್ತ್ರೀಯರಿಗಂತೂ ಆ ಅವಕಾಶವೂ ಇರಲಿಲ್ಲ. 1923ರ ಸುಧಾರಣೆಯಿಂದ ಮೈಸೂರಿನ ಸ್ತ್ರೀಯರಿಗೆ ವೋಟು ದೊರಕಿತು, ಅದೂ ಆಸ್ತಿ ಮುಂತಾದ ಅರ್ಹತೆಯುಳ್ಳ ಕೆಲವರಿಗೆ ಮಾತ್ರ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಯಾವ ಅರಸನ ಹೆಸರಿನಿಂದಲೂ ಆರಂಭವಾಗದೆ ಜನರ ಹೆಸರಿನಿಂದ ಆರಂಭವಾಗಿ, ಕೂಲಿ ಮಾಡುವ ಹೆಂಗಸಿನ ಕೈಗೂ ಜಮೀನ್ದಾರನ ಕೈಗೂ ಒಂದೇ ತೂಕದ ವೋಟನ್ನು ಕೊಟ್ಟಿತು. ಹೀಗಿರುವಲ್ಲಿ ಕೈಸರನ ಆಸನದ ಒಂದು ಸಣ್ಣ ಭಾಗವು ನಮ್ಮ ಪಾಲಿಗೂ ಬಂದಿದೆ. ಬೇಡವೆಂದು ಎದ್ದುಹೋದರೆ ಆ ಭಾಗವು ಖಾಲಿಯಾಗಿ ಉಳಿಯುವುದಿಲ್ಲ, ಬೇರೊಬ್ಬರು ಕುಳಿತುಕೊಳ್ಳುತ್ತಾರೆ.

ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೋತಾಮನು ಬೆಟ್ಟದ ಮೇಲೆ ನಿಂತು ಶೆಕೆಮಿನವರಿಗೆ ಹೇಳಿದ ಸಾಮ್ಯವನ್ನು ನಮ್ಮ ಭಾನುವಾರದ ಶಾಲೆಗಳಲ್ಲಿ ಅಷ್ಟಾಗಿ ಕಲಿಸುವುದಿಲ್ಲ. ಮರಗಳು ತಮಗೊಬ್ಬ ಅರಸನು ಬೇಕೆಂದು ಹೊರಟವಂತೆ. ಎಣ್ಣೇಮರವನ್ನು ಕೇಳಿದರೆ ಅದಕ್ಕೆ ತನ್ನ ಎಣ್ಣೆಯೇ ಸಾಕಾಗಿತ್ತು. ಅಂಜೂರದ ಮರಕ್ಕೆ ತನ್ನ ಸಿಹಿಹಣ್ಣೇ ಸಾಕು. ದ್ರಾಕ್ಷಾಲತೆಗೆ ತನ್ನ ರಸವೇ ಸಾಕು. ಕೊನೆಗೆ ಮುಳ್ಳಿನ ಗಿಡವು ಕೂಡಲೇ ಒಪ್ಪಿಕೊಂಡಿತು, ಒಪ್ಪಿಕೊಂಡು ತನ್ನ ನೆರಳಿಗೆ ಬಂದು ನಿಲ್ಲಿರೆಂದು ಉಳಿದ ಮರಗಳಿಗೆ ಅಪ್ಪಣೆಯನ್ನೂ ಮಾಡಿತು. ಮುಳ್ಳಿನ ಗಿಡಕ್ಕೆ ನೆರಳೆಲ್ಲಿ? ಪಾವಗಡದ ಕಡೆ ಬಳ್ಳಾರಿ ಜಾಲಿಯನ್ನು ಕಂಡವರಿಗೆ ಈ ಸಾಮ್ಯವನ್ನು ವಿವರಿಸಬೇಕಾಗಿಲ್ಲ. ಉತ್ತ ಹೊಲದಲ್ಲಿ ಅದು ಬಾರದು. ಬೀಳುಬಿಟ್ಟ ಹೊಲದಲ್ಲಿ ಎರಡೇ ಮಳೆಗೆ ಬೇರುಬಿಟ್ಟು, ಆಮೇಲೆ ಎಷ್ಟು ಕಡಿದರೂ ಚಿಗುರುತ್ತದೆ. ನಮ್ಮ ಸಭೆಗಳಲ್ಲಿ ಒಳ್ಳೆಯವರೆಂದು ಹೆಸರಾದ ಅನೇಕರು ಎಣ್ಣೇಮರದ ಉತ್ತರವನ್ನೇ ಕೊಡುತ್ತಾರೆ. ತಮ್ಮ ಪ್ರಾರ್ಥನೆ, ತಮ್ಮ ಮನೆ, ತಮ್ಮ ಮಕ್ಕಳು, ಇಷ್ಟೇ ಸಾಕು, ರಾಜಕೀಯವು ಹೊಲಸು. ಹೊಲಸೆಂದು ತಿಳಿದ ಮೇಲೂ ಪೊರಕೆ ಹಿಡಿಯದವಳನ್ನು ನಮ್ಮ ಕಡೆಯ ಮನೆಗಳಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ತಾಯಂದಿರೇ ಬಲ್ಲರು.

ಯೆರೆಮೀಯನು ಬಾಬೆಲಿಗೆ ಸೆರೆಹೋದ ತನ್ನ ಜನರಿಗೆ ಬರೆದ ಕಾಗದವನ್ನೂ ಇಲ್ಲಿ ನೆನೆಯಬಹುದು. ಅವರು ಆ ಊರಿನವರಲ್ಲ, ಅಲ್ಲಿಯ ದೇವರುಗಳು ಅವರ ದೇವರಲ್ಲ, ಅಲ್ಲಿ ಅವರಿಗೆ ಯಾವ ಹಕ್ಕೂ ಇಲ್ಲ. ಆದಾಗ್ಯೂ ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮವನ್ನು ಹಾರೈಸಬೇಕೆಂದು ಪ್ರವಾದಿಯು ಬರೆದನು. ಮಧುಗಿರಿಯಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯ ನೀರು ಕುಡಿದು, ಇಲ್ಲಿಯ ಕನ್ನಡದಲ್ಲಿ ದೇವರನ್ನು ಪ್ರಾರ್ಥಿಸುವ ನಮಗೆ ಈ ಊರಿನ ಕ್ಷೇಮದ ಹೊಣೆಯು ಆ ಸೆರೆಯವರಿಗಿಂತ ಕಡಿಮೆಯಾಗಲು ಸಾಧ್ಯವೆ?

"ಮನೆಯವರು ನೋಡಿಕೊಳ್ಳುತ್ತಾರೆ" ಎಂಬ ಉತ್ತರವು ನಮಗೆ ಇನ್ನೂ ಹೆಚ್ಚಾಗಿ ನೋವುಂಟುಮಾಡುತ್ತದೆ. 1951-52ರ ಪ್ರಥಮ ಮಹಾ ಚುನಾವಣೆಗೆ ಪಟ್ಟಿಗಳನ್ನು ಬರೆಯಲು ಮನೆಮನೆಗೆ ಹೋದವರಿಗೆ ಉತ್ತರದೇಶದ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಅಂಥ ನಮೂದುಗಳನ್ನು ಪಟ್ಟಿಯಿಂದ ತೆಗೆಸಿಬಿಟ್ಟರು. ಸುಮಾರು 28 ಲಕ್ಷ ಸ್ತ್ರೀಯರ ವೋಟು ಆ ಸಲ ಹೋಯಿತು. ಇದು ಕಠಿಣವಾದ ತೀರ್ಮಾನವೇ ಸರಿ. ಆದರೆ ಮುಂದಿನ ಚುನಾವಣೆಗಳ ವೇಳೆಗೆ ಹೆಂಗಸರು ತಮ್ಮ ತಮ್ಮ ಹೆಸರನ್ನೇ ಬರೆಸುವಂತಾಯಿತು. ಸತ್ಯವೇದವನ್ನು ಓದಿದವರಿಗೆ ಚಲ್ಪಹಾದನ ಐವರು ಹೆಣ್ಣುಮಕ್ಕಳ ನೆನಪಾಗದಿರದು. ತಂದೆಗೆ ಗಂಡುಮಕ್ಕಳಿಲ್ಲದ ಕಾರಣ ಆಸ್ತಿ ಕೈತಪ್ಪಿಹೋಗುವುದೆಂದು ಅವರು ಮೋಶೆಯ ಮುಂದೆಯೂ ಎಲ್ಲಾ ಪ್ರಧಾನರ ಮುಂದೆಯೂ ನಿಂತು ನ್ಯಾಯ ಕೇಳಿದರು. ಆ ವೃತ್ತಾಂತದಲ್ಲಿ ಅವರನ್ನು ಚಲ್ಪಹಾದನ ಹೆಣ್ಣುಮಕ್ಕಳೆಂದು ಹೇಳಿ ಬಿಟ್ಟಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಐವರ ಹೆಸರನ್ನೂ ಬರೆದಿಟ್ಟಿದೆ.

ವೋಟು ಗುಪ್ತವಾಗಿರಬೇಕೆಂದು ಕಾಯಿದೆಯು ವಿಧಿಸಿರುವುದು ಯಾರಿಗೋಸ್ಕರ? ಬಲವುಳ್ಳವನಿಗೆ ಗುಟ್ಟಿನ ಅವಶ್ಯವಿಲ್ಲ. ಧಣಿಯ ಹೊಲದಲ್ಲಿ ದುಡಿಯುವವನಿಗಾಗಿಯೂ ಗಂಡನ ಮನೆಯಲ್ಲಿ ಬಾಳುವವಳಿಗಾಗಿಯೂ ಆ ರಟ್ಟಿನ ಮರೆಯನ್ನು ಇಟ್ಟಿದೆ. ಮತಗಟ್ಟೆಯ ಕೆಲಸಕ್ಕೆ ನೇಮಕವಾದಾಗ ನಾವು ಎಷ್ಟೋ ಬೆರಳುಗಳಿಗೆ ಶಾಯಿ ಹಚ್ಚಿದ್ದೇವೆ. ನಮ್ಮ ಮೈಸೂರಿನಲ್ಲಿಯೇ, 1937ರಲ್ಲಿ ಮಹಾರಾಜರು ಸ್ಥಾಪಿಸಿದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ, 1962ರಿಂದ ದೇಶದ ಚುನಾವಣೆಗಳಿಗೆಲ್ಲಾ ಹೋಗುತ್ತಿರುವ ಶಾಯಿ ಅದು. ಕಡಲೆಕಾಯಿ ಕಿತ್ತು ಬಿರುಕುಬಿಟ್ಟ ಬೆರಳಿಗೂ ಉಂಗುರ ತೊಟ್ಟ ಬೆರಳಿಗೂ ಒಂದೇ ಸೀಸೆಯಿಂದ ಹಚ್ಚುತ್ತೇವೆ. ಆ ಮರೆಯೊಳಗೆ ಹೋದ ಹೆಂಗಸು ಹೊರಗೆ ನಿಂತ ಗಂಡನ ಮುಖವನ್ನು ತಿರುಗಿ ನೋಡುವುದನ್ನೂ ಕಂಡಿದ್ದೇವೆ. ಗಂಡನಿಗೆ ಅಧೀನಳಾಗಿರಬೇಕೆಂಬ ಅಪೊಸ್ತಲನ ಬೋಧನೆಯನ್ನು ಇಲ್ಲಿಗೆ ತಂದು ಅನ್ವಯಿಸುವವರುಂಟು. ಹಾಗಾದರೆ ಅವಳ ವೋಟಿಗೆ ದೇವರ ಮುಂದೆ ಉತ್ತರ ಕೊಡುವವರು ಯಾರು? ಅವಳ ಪ್ರಾರ್ಥನೆಯನ್ನು ಗಂಡನು ಮಾಡಲಾರನು. ಇದೂ ಹಾಗೆಯೇ ಎಂದು ನಾವು ಎಣಿಸುತ್ತೇವೆ. ಮನೆಯಲ್ಲಿ ಇಬ್ಬರೂ ಕುಳಿತು ಚರ್ಚಿಸುವುದು ಒಳ್ಳೆಯದೇ. ಗುಂಡಿ ಒತ್ತುವ ಬೆರಳು ಮಾತ್ರ ಅವಳದು.

ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವ ಈ ಕಾಲದಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯ ಯಜಮಾನರು ಕುಳಿತಿರುವ ದೃಶ್ಯವೂ ನಮ್ಮ ಹಳ್ಳಿಗಳಿಗೆ ಹೊಸದಲ್ಲ. 2023ರಲ್ಲಿ ಅಂಗೀಕಾರವಾದ ಸಂವಿಧಾನದ 106ನೆಯ ತಿದ್ದುಪಡಿಯು ಶಾಸನಸಭೆಗಳಲ್ಲಿಯೂ ಮೂರರಲ್ಲಿ ಒಂದು ಪಾಲನ್ನು ಸ್ತ್ರೀಯರಿಗೆ ಕೊಡುವ ಏರ್ಪಾಡನ್ನು ಮಾಡಿದೆ. ಕುರ್ಚಿಯಲ್ಲಿ ತಾನೇ ಕುಳಿತುಕೊಳ್ಳುವ ಅಭ್ಯಾಸವು ಮತಗಟ್ಟೆಯ ಮರೆಯಲ್ಲಿ ಆರಂಭವಾಗದಿದ್ದರೆ ಈ ಕಾನೂನುಗಳಿಂದ ಏನಾದೀತು?

ಇನ್ನು ಸಭೆಯ ವೋಟು. ಕಳೆದ ಒಂದು ಚುನಾವಣೆಯ ಸಮಯದಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ನಮ್ಮ ಕಛೇರಿಗೆ ಬಂದು, ಬಹಳ ವಿನಯದಿಂದ ಮಾತನಾಡಿ, ಹಳೆಯ ವಿದ್ಯಾರ್ಥಿನಿಯರ ವಿಳಾಸಗಳ ಪುಸ್ತಕವನ್ನು ಕೇಳಿದರು. ಕ್ರೈಸ್ತರ ಹೆಸರುಗಳನ್ನು ಬೇರೆಯಾಗಿ ಗುರುತು ಮಾಡಿಕೊಟ್ಟರೆ ಉಪಕಾರವಾಗುವುದೆಂದೂ, ಶಾಲೆಯ ಕಾಂಪೌಂಡು ಗೋಡೆಯ ವಿಷಯ ತಮಗೆ ಗೊತ್ತಿದೆಯೆಂದೂ ಹೇಳಿದರು. ಪುಸ್ತಕವನ್ನು ನಾವು ಕೊಡಲಿಲ್ಲ. ಗೋಡೆಯು ಈಗಲೂ ಬಿರುಕುಬಿಟ್ಟೇ ಇದೆ. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಇಂಥ ಪುಸ್ತಕಗಳು ಬೇರೆ ಕಡೆಗಳಲ್ಲಿ ದೊರೆಯುತ್ತಿರಬಹುದೆಂಬ ಭಯದಿಂದ ಬರೆಯುತ್ತಿದ್ದೇವೆ. ಹಿರಿಯರೊಬ್ಬರು ಇಂತಿಷ್ಟು ವೋಟುಗಳೆಂದು ಲೆಕ್ಕ ಹೇಳಿ, ಸಭಾಪಾಲಕರು ಆರಾಧನೆಯ ಕೊನೆಯಲ್ಲಿ ಒಂದು ಸೂಚನೆ ಕೊಟ್ಟು, ಜನರು ಸಾಲಾಗಿ ಹೋಗಿ ಒಂದೇ ಗುಂಡಿಯನ್ನು ಒತ್ತಿಬರುವ ಪದ್ಧತಿಯು ಕೆಲವು ಸ್ಥಳಗಳಲ್ಲಿ ಇದೆಯೆಂದು ಕೇಳುತ್ತೇವೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 123ನೆಯ ಪ್ರಕರಣವು ಧರ್ಮದ ಹೆಸರಿನಲ್ಲಿ ವೋಟು ಕೇಳುವುದನ್ನು ಭ್ರಷ್ಟಾಚಾರವೆಂದು ಎಣಿಸುತ್ತದೆ. ಅಭ್ಯರ್ಥಿಯ ಧರ್ಮವನ್ನಷ್ಟೇ ಅಲ್ಲದೆ ಮತದಾರನ ಧರ್ಮವನ್ನು ಎತ್ತಿ ಕೇಳುವುದೂ ಇದರೊಳಗೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠವು 2017ರ ಜನವರಿ 2ರಂದು ತೀರ್ಪು ಕೊಟ್ಟಿತು. ನಾಲ್ವರು ಒಂದು ಕಡೆ, ಮೂವರು ಒಂದು ಕಡೆ; ನ್ಯಾಯಾಧೀಶರಿಗೇ ಸುಲಭವಾಗಿ ತೋರದ ಪ್ರಶ್ನೆಯದು.

ನಮಗೂ ಸುಲಭವಲ್ಲ. ಒಟ್ಟಾಗಿ ನಿಲ್ಲದಿದ್ದರೆ ಇಷ್ಟು ಸ್ವಲ್ಪ ಜನರನ್ನು ಯಾರು ಲಕ್ಷಿಸುವರು ಎಂದು ಹಿರಿಯರು ಕೇಳುವ ಮಾತಿನಲ್ಲಿ ಅನುಭವವುಂಟು. ಹೂಳಲು ಜಾಗವಿಲ್ಲದ ಊರಿನಲ್ಲಿ ಹೆಣವನ್ನು ಇಟ್ಟುಕೊಂಡು ಅಲೆದವರಿಗೆ ತತ್ವವನ್ನು ಬೋಧಿಸಲು ನಮಗೆ ಮನಸ್ಸಿಲ್ಲ. ಆದರೆ ಸ್ಮಶಾನದ ಭೂಮಿಯನ್ನು ತಹಸೀಲ್ದಾರರ ಮುಂದೆ ಅರ್ಜಿ ಹಿಡಿದು ಪ್ರಜೆಗಳಾಗಿ ಬಹಿರಂಗವಾಗಿ ಕೇಳುವುದು ಬೇರೆ. ನೂರು ವೋಟುಗಳಿಗೆ ಬದಲಾಗಿ ರಾತ್ರಿಯಲ್ಲಿ ಮಾತಾಡಿಕೊಳ್ಳುವುದು ಬೇರೆ. ಬದಲಿಗೆ ಪಡೆದದ್ದನ್ನು ಹೆಚ್ಚು ವೋಟುಳ್ಳ ಮತ್ತೊಬ್ಬರು ಬಂದಾಗ ಕಳೆದುಕೊಳ್ಳಲೂಬಹುದು. ಸ್ವಲ್ಪ ಜನರಿಗೆ ಸಂಖ್ಯೆಯು ಎಂದಿಗೂ ಕೋಟೆಯಾಗಲಾರದು. ಅವರನ್ನು ಕಾಯುವಂಥವು ಕಾಯಿದೆಯೂ ನೆರೆಯವರ ಸದ್ಭಾವವೂ. ಕಟ್ಟು ಕಟ್ಟಿ ಮಾರುವ ವೋಟು ಈ ಎರಡಕ್ಕೂ ಕೇಡು ತರುತ್ತದೆ.

ಇದು ನಮ್ಮ ಹೊಸ ಅಭಿಪ್ರಾಯವಲ್ಲ. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಕೆ. ಟಿ. ಪಾಲ್ ಅವರು ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರವು ಬೇಡವೆಂದರು, ಮರುವರ್ಷ ಎಸ್. ಕೆ. ದತ್ತರೂ ಹಾಗೆಯೇ ಹೇಳಿದರು. ಅದೇ ಪರಿಷತ್ತಿನಲ್ಲಿದ್ದ ಪನ್ನೀರ್‌ಸೆಲ್ವಂ ಅವರ ಅಭಿಪ್ರಾಯ ಬೇರೆಯಾಗಿತ್ತು. ಕೊನೆಗೆ 1932ರ ತೀರ್ಮಾನದಿಂದ ಬ್ರಿಟಿಷ್ ಪ್ರಾಂತಗಳ ಕೆಲವೆಡೆ ಕ್ರೈಸ್ತರಿಗೆ ಪ್ರತ್ಯೇಕ ಸ್ಥಾನಗಳು ದೊರೆತವು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ, ತಾವೇ ಕ್ರೈಸ್ತರಾದ ಎಚ್. ಸಿ. ಮುಖರ್ಜಿಯವರು ಧಾರ್ಮಿಕ ಅಲ್ಪಸಂಖ್ಯಾತರಿಗೆ ಸ್ಥಾನಗಳನ್ನು ಕಾದಿರಿಸುವುದನ್ನು ಬಿಡಬೇಕೆಂದು ಮುಂದೆ ನಿಂತರು. ಮಂಗಳೂರಿನಲ್ಲಿ ಹುಟ್ಟಿದ ಪಾದ್ರಿ ಜೆರೋಮ್ ಡಿಸೋಜರೂ, ರಾಜಕುಮಾರಿ ಅಮೃತ ಕೌರರೂ ಆ ಸಭೆಯಲ್ಲಿದ್ದರು. 1949ರ ಮೇ ತಿಂಗಳಲ್ಲಿ ಆ ಕಾದಿರಿಸಿದ ಸ್ಥಾನಗಳು ಹೋದವು. ಧರ್ಮವನ್ನು ಆಚರಿಸುವ, ಸಾರುವ ಸ್ವಾತಂತ್ರ್ಯವು ಮಾತ್ರ 25ನೆಯ ಅನುಚ್ಛೇದದಲ್ಲಿ ಉಳಿಯಿತು. ಹಿಂದಿನವರು ಕುರ್ಚಿಗಳನ್ನು ಬಿಟ್ಟುಕೊಟ್ಟು ಸ್ವಾತಂತ್ರ್ಯವನ್ನು ಉಳಿಸಿಕೊಂಡರೆಂದು ನಾವು ಓದುತ್ತೇವೆ. ಅವರು ಕೈಬಿಟ್ಟ ಗುಂಪಿನ ವೋಟನ್ನು ನಾವು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದರೆ ಅವರ ತ್ಯಾಗಕ್ಕೆ ಬೆಲೆ ಎಲ್ಲಿ ಉಳಿಯಿತು?

ಹಾಗೆಂದು ವಿಶ್ವಾಸಕ್ಕೆ ತೊಂದರೆಯಾಗುವ ಕಾನೂನುಗಳನ್ನು ಕಂಡೂ ಕಾಣದಂತಿರಬೇಕೆಂದು ನಾವು ಹೇಳುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರವನ್ನು ಕುರಿತ ಕಾಯಿದೆಯು ಬಂದಾಗ ಸಣ್ಣ ಪ್ರಾರ್ಥನಾ ಕೂಟಗಳಲ್ಲಿಯೂ ಭಯವಿತ್ತು. 2023ರ ಜೂನ್ ತಿಂಗಳಲ್ಲಿ ಅದನ್ನು ರದ್ದುಮಾಡಲು ಸಚಿವ ಸಂಪುಟವು ತೀರ್ಮಾನಿಸಿತು. ಇಂಥ ವಿಷಯವನ್ನು ವೋಟು ಹಾಕುವಾಗ ತೂಗಿ ನೋಡುವುದು ನ್ಯಾಯವೇ. ಮನಸ್ಸಾಕ್ಷಿಯ ಸ್ವಾತಂತ್ರ್ಯವು ಎಲ್ಲರ ಸ್ವತ್ತು. ತಕ್ಕಡಿಯಲ್ಲಿ ಅದೊಂದನ್ನೇ ಇಟ್ಟು ನೆರೆಮನೆಯವರ ಹಸಿವನ್ನೂ ನೀರನ್ನೂ ಕೆಳಗಿಟ್ಟುಬಿಡುವುದು ಸರಿಯಲ್ಲವೆನ್ನುತ್ತೇವೆ.

ಹಣದ ವಿಷಯವಾಗಿ ಬಹಳ ಬರೆಯಬೇಕಾಗಿಲ್ಲವೆಂದು ಎಣಿಸಿದ್ದೆವು. ಆದರೆ ದೇವಭಕ್ತೆಯಾದ ಒಬ್ಬ ತಾಯಿಯು, "ಎಲ್ಲಾ ಪಕ್ಷದವರಿಂದಲೂ ತೆಗೆದುಕೊಳ್ಳುತ್ತೇವೆ, ವೋಟನ್ನು ಮಾತ್ರ ಮನಸ್ಸಿಗೆ ಬಂದವರಿಗೆ ಹಾಕುತ್ತೇವೆ, ಅದರಲ್ಲಿ ಪಾಪವೇನು?" ಎಂದು ನಮ್ಮನ್ನು ಕೇಳಿದಳು. ಮುಪ್ಪಿನ ಸಮುವೇಲನು ಜನರ ಮುಂದೆ ನಿಂತು, ತಾನು ಯಾರ ಎತ್ತನ್ನು ತೆಗೆದುಕೊಂಡೆನು, ಯಾರ ಕೈಯಿಂದ ಲಂಚ ಪಡೆದೆನು ಎಂದು ಕೇಳಿದಾಗ ಜನರೆಲ್ಲಾ ಅವನು ನಿರ್ದೋಷಿಯೆಂದು ಸಾಕ್ಷಿ ಹೇಳಿದರಷ್ಟೆ. ಅಂಥ ಪ್ರಶ್ನೆಯನ್ನು ಶಾಸಕನಿಗೆ ಕೇಳುವ ಬಾಯಿ ಲಂಚದ ನೋಟನ್ನು ತೆಗೆದುಕೊಂಡವಳಿಗೆ ಎಲ್ಲಿಯದು? ಎರಡು ಕಡೆಯಿಂದ ಪಡೆದು ಒಬ್ಬನಿಗೆ ಹಾಕುವವಳು ಲಂಚದ ಜೊತೆಗೆ ಸುಳ್ಳನ್ನೂ ಸೇರಿಸಿಕೊಳ್ಳುತ್ತಾಳೆ. ಸೀರೆಯನ್ನೋ ನೋಟನ್ನೋ ಕೊಟ್ಟು, ಅರಿಸಿನವನ್ನೋ ದೇವರ ಪಟವನ್ನೋ ಮುಟ್ಟಿಸಿ ಮಾತು ತೆಗೆದುಕೊಳ್ಳುವ ಪದ್ಧತಿಯನ್ನು ಕೇಳಿದ್ದೇವೆ. ಕ್ರೈಸ್ತರ ಮನೆಯಾದರೆ ಸತ್ಯವೇದವನ್ನೇ ಮುಟ್ಟಿಸುವರಂತೆ. ಹೀಗೆ ಆಣೆಯಿಟ್ಟು ಸಿಕ್ಕಿಬಿದ್ದ ಸಹೋದರಿಯರು ಹೆರೋದನನ್ನು ನೆನಪಿಗೆ ತಂದುಕೊಳ್ಳಲಿ. ನರ್ತಿಸಿದ ಹುಡುಗಿಗೆ ಆಣೆಯಿಟ್ಟನೆಂಬ ಒಂದೇ ಕಾರಣಕ್ಕಾಗಿ ಅವನು ಸ್ನಾನಿಕನಾದ ಯೋಹಾನನ ತಲೆಯನ್ನು ತೆಗೆಸಿದನು. ಆ ಆಣೆಯನ್ನು ಮುರಿದಿದ್ದರೆ ಅವನ ಪಾಪ ಕಡಿಮೆಯಾಗುತ್ತಿತ್ತು.

ಸರ್ಕಾರವು ಮನೆಯೊಡತಿಗೆ ತಿಂಗಳಿಗೆ ಕೊಡುವ 2,000 ರೂಪಾಯಿಯೂ, 2023ರ ಜೂನ್ 11ರಿಂದ ಸ್ತ್ರೀಯರಿಗೆ ದೊರೆತಿರುವ ಬಸ್ಸಿನ ಪುಕ್ಕಟೆ ಪ್ರಯಾಣವೂ ಲಂಚವೇ ಅಲ್ಲವೆ ಎಂದು ಕೇಳುವವರಿದ್ದಾರೆ. ಎಲ್ಲರ ಮುಂದೆ ಸಾರಿ, ಶಾಸನಸಭೆಯ ಲೆಕ್ಕಕ್ಕೆ ಒಳಪಟ್ಟು, ವೋಟು ಹಾಕಿದವಳಿಗೂ ಹಾಕದವಳಿಗೂ ಒಂದೇ ಬಗೆಯಾಗಿ ಬರುವುದು ಲಂಚವಲ್ಲವೆಂದು ನಮ್ಮ ಅಭಿಪ್ರಾಯ. ಚುನಾವಣಾ ಪ್ರಣಾಳಿಕೆಯ ವಾಗ್ದಾನಗಳು ಆ ಕಾಯಿದೆಯ ಅರ್ಥದಲ್ಲಿ ಭ್ರಷ್ಟಾಚಾರವಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2013ರಲ್ಲಿ ಹೇಳಿತು. ಅಂಥ ಯೋಜನೆಯು ಜಾಣತನದ್ದೋ ಅಲ್ಲವೋ ಎಂದು ವಾದಿಸುವ ಹಕ್ಕು ಎಲ್ಲರಿಗೂ ಇದೆ. ಸರ್ಕಾರಿ ಬಸ್ಸೇ ಬಾರದ ಹಳ್ಳಿಯಿಂದ ಕಾಲೇಜಿಗೆ ಹೋಗಬೇಕಾದ ಹುಡುಗಿಗೆ ಪುಕ್ಕಟೆ ಟಿಕೆಟ್ಟಿನಿಂದ ಏನು ಪ್ರಯೋಜನವೆಂದು ಅಭ್ಯರ್ಥಿಯನ್ನು ಕೇಳಬಹುದು, ಕೇಳಲೇಬೇಕು.

ಕ್ರೈಸ್ತಳು ಕೇಳತಕ್ಕ ಪ್ರಶ್ನೆಗಳು ಈ ಜಾತಿಯವು. ಪಾವಗಡದ ಕಡೆಯಿಂದ ನಮ್ಮಲ್ಲಿಗೆ ಬರುವ ಮಕ್ಕಳು ನಕ್ಕಾಗ ಹಲ್ಲುಗಳ ಮೇಲೆ ಕಂದು ಕಲೆಗಳು ಕಾಣುತ್ತವೆ. ಆಳದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡಿನ ಗುರುತು ಅದು. ಕೆಲವರಿಗೆ ಮುಂದೆ ಮೂಳೆಗಳಲ್ಲಿಯೂ ಹಿಡಿಯುತ್ತದೆ. ನೀರಿಗೆ ಕ್ರೈಸ್ತರ ಹಲ್ಲು, ಹಿಂದೂಗಳ ಹಲ್ಲು, ಮುಸಲ್ಮಾನರ ಹಲ್ಲು ಎಂಬ ಭೇದವಿಲ್ಲ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟಿನ ಸೌರ ವಿದ್ಯುತ್ತಿನ ಉದ್ಯಾನವು ಹರಡಿಕೊಂಡಿದೆ. ಭೂಮಿಯುಳ್ಳವರಿಂದ ಗುತ್ತಿಗೆಗೆ ಪಡೆದಿರುವುದರಿಂದ ಅವರಿಗೆ ವರ್ಷವರ್ಷವೂ ಹಣ ಬರುತ್ತದೆ, ಬರಗಾಲದ ನಾಡಿಗೆ ಅದು ಸಣ್ಣ ಉಪಕಾರವಲ್ಲ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ, ಸ್ವಂತ ಭೂಮಿಯಿಲ್ಲದ ಹೆಂಗಸಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಪೈರು ಕೊಯ್ಯುವವನು ಬಡವರಿಗೋಸ್ಕರ ಹೊಲದ ಅಂಚನ್ನು ಬಿಡಬೇಕೆಂಬ ಮೋಶೆಯ ನಿಯಮವನ್ನು ಬಲ್ಲವಳು ಇವಳ ಪರವಾಗಿ ಕೇಳದಿದ್ದರೆ ಮತ್ತಾರು ಕೇಳಬೇಕು? ಲೋಕಸಭೆಗೆ ಮಧುಗಿರಿ ಮತ್ತು ಕೊರಟಗೆರೆಯವರು ತುಮಕೂರು ಕ್ಷೇತ್ರಕ್ಕೂ, ಶಿರಾ ಮತ್ತು ಪಾವಗಡದವರು ಚಿತ್ರದುರ್ಗ ಕ್ಷೇತ್ರಕ್ಕೂ ಸೇರಿರುವುದರಿಂದ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕೆಂಬುದನ್ನೂ ತಿಳಿದಿರಬೇಕು. ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯೆ, ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳು ಇವುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡತಕ್ಕದ್ದು. ಚುನಾವಣಾ ಆಯೋಗವು ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ವರನನ್ನು ಹುಡುಕುವಾಗ ಮೂರು ತಲೆಮಾರು ವಿಚಾರಿಸುವ ತಾಯಂದಿರು ಈ ನಾಲ್ಕು ಹಾಳೆಗಳನ್ನು ಓದಬಾರದೆ?

ನಮ್ಮ ಮನಸ್ಸನ್ನು ಬಹಳವಾಗಿ ಕಾಡುವ ಒಂದು ಸಂಗತಿಯನ್ನು ಬರೆಯದೆ ಬಿಟ್ಟರೆ ಈ ಲೇಖನವು ಪ್ರಾಮಾಣಿಕವಾಗದು. ಕೊರಟಗೆರೆ ಮತ್ತು ಪಾವಗಡ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿವೆ. 1950ರ ರಾಷ್ಟ್ರಪತಿಯವರ ಆಜ್ಞೆಯಂತೆ ಮೊದಲು ಹಿಂದೂಗಳು ಮಾತ್ರ, 1956ರಿಂದ ಸಿಖ್ಖರೂ 1990ರಿಂದ ಬೌದ್ಧರೂ ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುತ್ತಾರೆ. ಅದೇ ಕೇರಿಯಲ್ಲಿ ಹುಟ್ಟಿ ಕ್ರೈಸ್ತರಾದವರು ಎಣಿಕೆಗೆ ಬರುವುದಿಲ್ಲ. ಆದ್ದರಿಂದ ನಮ್ಮ ಸಭೆಯ ಸಹೋದರಿಯೊಬ್ಬಳು ಆ ಕ್ಷೇತ್ರಗಳಲ್ಲಿ ವೋಟು ಹಾಕಬಹುದೇ ಹೊರತು ಅಭ್ಯರ್ಥಿಯಾಗಲಾರಳು. ಅವಳ ಅಕ್ಕನ ಮಗಳು, ದೀಕ್ಷಾಸ್ನಾನ ಹೊಂದದವಳು, ಆಗಬಹುದು. ಇದು ಅನ್ಯಾಯವೆಂದು ಸಭೆಗಳು ಬಹುಕಾಲದಿಂದ ಅರಿಕೆ ಮಾಡಿಕೊಳ್ಳುತ್ತಿವೆ. 2022ರಲ್ಲಿ ಕೇಂದ್ರ ಸರ್ಕಾರವು ಈ ವಿಷಯವನ್ನು ಪರಿಶೀಲಿಸಲು ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಅರಿಕೆಯು ನ್ಯಾಯವಾದದ್ದೆಂದೇ ನಾವೂ ಎಣಿಸುತ್ತೇವೆ. ಆದರೆ ಕ್ರಿಸ್ತನಲ್ಲಿ ಜಾತಿಯಿಲ್ಲವೆಂದು ಸಾರಿ, ಹೆಣ್ಣು ಕೊಡುವಾಗ ಜಾತಿ ಕೇಳುವ ಸಭೆಯು ವಿಧಾನಸೌಧದ ಮುಂದೆ ನ್ಯಾಯ ಬೇಡಲು ಹೋದರೆ ಅದರ ಧ್ವನಿಯು ಗಂಟಲಿನಲ್ಲಿಯೇ ನಿಲ್ಲುವುದು. ಸಭೆಯ ಪುಸ್ತಕದಲ್ಲಿ ಒಂದು ಹೆಸರು, ತಾಲ್ಲೂಕು ಕಛೇರಿಯ ಪತ್ರದಲ್ಲಿ ಇನ್ನೊಂದು ಧರ್ಮ ಎಂದು ಎರಡು ಬಾಳು ಬಾಳುತ್ತಿರುವ ಕುಟುಂಬಗಳೂ ಉಂಟು. ಮಗಳನ್ನು ಕಾಲೇಜಿಗೆ ಸೇರಿಸಲು ಬೇರೆ ದಾರಿ ಕಾಣದ ತಂದೆಯನ್ನು ಖಂಡಿಸಲು ನಮ್ಮ ಬಾಯಿ ಬಾರದು. ಆ ಪತ್ರಕ್ಕೆ ಸುಳ್ಳು ಬರೆಯಿರೆಂದು ಹೇಳಲೂ ಬಾರದು. ಸಭೆಯು ಸರ್ಕಾರದ ನ್ಯಾಯಕ್ಕಾಗಿ ಕಾಯುತ್ತಿರುವಾಗ ತನ್ನ ಹಣದಿಂದ ಅಂಥ ಹುಡುಗಿಯರನ್ನು ಓದಿಸಿದರೆ ಆ ಸುಳ್ಳಿನ ಅವಶ್ಯವು ಎಷ್ಟೋ ಮನೆಗಳಲ್ಲಿ ತಪ್ಪುವುದು.

ಸಭೆಯ ಸಮಿತಿಗಳಿಗೆ ನಡೆಯುವ ಚುನಾವಣೆಗಳನ್ನು ಕುರಿತು ಒಂದೇ ಮಾತು. ಊಟ ಹಾಕಿಸಿ ವೋಟು ಕೇಳುವುದು, ಗೆದ್ದವರ ಮೇಲೆ ಸೋತವರು ಕೋರ್ಟಿಗೆ ಹೋಗುವುದು, ಇವು ದೇವಾಲಯದ ಅಂಗಳದಲ್ಲಿ ನಡೆಯುವವರೆಗೆ ಊರಿನ ಚುನಾವಣೆಯ ಹೊಲಸನ್ನು ಕುರಿತು ಪ್ರಸಂಗ ಮಾಡುವುದನ್ನು ಸ್ವಲ್ಪ ಕಾಲ ನಿಲ್ಲಿಸಬಹುದು.

ಈಗ ತಾಯಿತಂದೆಗಳಿಗೆ ಮುಖ್ಯವಾದ ಒಂದು ಸೂಚನೆ. 1989ರಿಂದ ವೋಟಿನ ವಯಸ್ಸು 18 ವರ್ಷ. ಮೊದಲು ಜನವರಿ 1 ಒಂದೇ ಗಡುವಾಗಿತ್ತು; ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಇವುಗಳನ್ನೂ ಗಡುವಾಗಿ ಇಟ್ಟಿರುವುದರಿಂದ ಹುಡುಗಿಯು ವರ್ಷವಿಡೀ ಕಾಯಬೇಕಾಗಿಲ್ಲ; 17 ತುಂಬಿದ ಕೂಡಲೇ ನಮೂನೆ 6ನ್ನು ಮುಂಚಿತವಾಗಿ ಕೊಡಬಹುದು. ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ಮಕ್ಕಳಲ್ಲಿ ಅನೇಕರು ಮದುವೆಯಾಗುವವರೆಗೂ ಪಟ್ಟಿಗೆ ಸೇರದೆ, ಮದುವೆಯಾದ ಮೇಲೆ ಎರಡೂ ಊರುಗಳಲ್ಲಿ ಹೆಸರಿಲ್ಲದೆ ಉಳಿಯುತ್ತಾರೆ. ವಾಸಸ್ಥಳ ಬದಲಾದವರಿಗೆ ನಮೂನೆ 8 ಇದೆ. ಮಡಕಶಿರಾ, ಹಿಂದೂಪುರದ ಕಡೆಗೆ ಮದುವೆಯಾಗಿ ಹೋದ ನಮ್ಮ ಹುಡುಗಿಯರು ರಾಜ್ಯವೇ ಬೇರೆಯಾದುದರಿಂದ ಇದು ಆಗದೆಂದು ತಿಳಿದಿರುವಂತೆ ತೋರುತ್ತದೆ. ಆಗುತ್ತದೆ, ಹೊಸ ಊರಿನ ಮತಗಟ್ಟೆ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು. ಬೆಂಗಳೂರಿಗೆ ಕೆಲಸಕ್ಕೆ ಹೋದವರು ಚುನಾವಣೆಯ ದಿನ ಯಾರೋ ಕಳುಹಿಸುವ ವಾಹನದಲ್ಲಿ ಊರಿಗೆ ಬರುವ ಬದಲು ತಾವಿರುವಲ್ಲಿಯೇ ಹೆಸರು ಬರೆಸಿಕೊಳ್ಳುವುದು ಉತ್ತಮ. ತಿಳಿಯದ ವಿಷಯಕ್ಕೆ 1950 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ನಮೂನೆಗಳನ್ನು ಶಾಲೆಯ ಕಛೇರಿಯಲ್ಲಿಯೂ ತರಿಸಿಟ್ಟಿದ್ದೇವೆ; ಶನಿವಾರ ಮಧ್ಯಾಹ್ನ ಬಂದರೆ ತುಂಬುವುದಕ್ಕೆ ನಮ್ಮ ಉಪಾಧ್ಯಾಯಿನಿಯರು ಸಹಾಯ ಮಾಡುವರು. ಹುಡುಗಿಯ ಹೆಸರನ್ನು ಶಾಲೆಯ ದಾಖಲೆಯಲ್ಲಿ ಇರುವಂತೆಯೇ, ಅಕ್ಷರ ತಪ್ಪದಂತೆ ಬರೆಯಿಸಿರಿ.